ಎಲ್ಲದಕ್ಕೂ ಒಂದೇ ಕೂಗು

ಮಾರ್ಚ್ 4

ಬೆಳಗ್ಗೆಯಿಂದ ಅದೇ ಗಲೀಜು ಬಳಿಯೋ ಕೆಲಸ. ಆಸ್ಪತ್ರೆಯಲ್ಲಿ ರೋಗಿಗೆ ಔಷಧಿ ಹನಿಸೋ ಡ್ರಿಪ್ ಪಂಪಿಗೆ ನಮ್ಮ ಟೀಮು ಬರೆದ ಸಾಫ್ಟ್‌ವೇರ್. ಅದರ ಮೆಸೇಜುಗಳನ್ನ ಓದ್ತಾ ಕೂತಿದೀನಿ. ಪಂಪಿನ ಪ್ರಿಂಟರಿನಲ್ಲಿ ಪೇಪರ್ ಮುಗಿದರೆ ಕೆಂಪಕ್ಷರದಲ್ಲಿ "ಎರರ್!!! ಮೌಲ್ಯ ಸರಿಯಿಲ್ಲ", ಜೊತೆಗೆ ಬೀಪ್. ಪಂಪು ಹಿಂದಿನ ರೋಗಿಗೆ ಇಟ್ಟಿದ್ದ ಪ್ರಮಾಣಕ್ಕೆ ಜಾರಿ ಔಷಧಿ ಸುರಿಯೋಕೆ ಶುರುಮಾಡಿದರೆ? ಅದಕ್ಕೂ ಅದೇ ಕೆಂಪು, ಅದೇ ಮಾತು, ಅದೇ ಬೀಪ್. ಇನ್ನೊಂದು ಕಡೆ "ಅಯ್ಯೋ, ಏನೋ ಎಡವಟ್ಟಾಯ್ತು!" — ಪಕ್ಕದಲ್ಲಿ ಅಳೋ ಗೊಂಬೆ. ಐಸಿಯುನಲ್ಲಿ ಅಳೋ ಗೊಂಬೆ. ಥೂ.

ಮಾರ್ಚ್ 5

ಮ್ಯಾನೇಜರ್ ಹತ್ರ ಹೋದೆ. ನಗುಮುಖ ಅಂತ ನಾವಿಟ್ಟ ಹೆಸರು, ಬೈಯುವಾಗಲೂ ಹಲ್ಲು ಕಾಣ್ತಿರುತ್ತೆ.

"ಸರ್, ಜೀವಕ್ಕೆ ಅಪಾಯ ಅಂದ್ರೆ ಮಾತ್ರ ಎರರ್, ಬೀಪ್. ಸ್ವಲ್ಪ ಕಣ್ಣಿಡಿ ಅನ್ನೋದಾದ್ರೆ ವಾರ್ನಿಂಗ್, ಹಳದಿ. ಪೇಪರ್ ಮುಗಿದಿದ್ದಕ್ಕೆ ಸದ್ದೇ ಬೇಡ. ಏನಾಯ್ತು, ಈಗೇನು ಮಾಡ್ಬೇಕು — ಎರಡೂ ಮೆಸೇಜಲ್ಲೇ ಇರ್ಲಿ. ಎಲ್ರೂ ಹೀಗೇ ಬರೀಲಿ."

"ಅದೆಲ್ಲ ಅಲಂಕಾರ ಕಣಮ್ಮ. ಮೊದ್ಲು ಉಳಿದ ಆರ್ಡರಿನ ಮಾಲು ಹೊರಗೆ ಹೋಗ್ಲಿ."

ಊಟಕ್ಕೆ ಕೂತಾಗ ಅತ್ತಿಗೆಗೆ ಹೇಳಿದೆ. ನಮ್ಮ ಪಂಪು ಹಾಕಿರೋ ಆಸ್ಪತ್ರೆಯಲ್ಲೇ ನರ್ಸ್ ಅವರು. "ನಿಮ್ಮ ಪಂಪು ಇಡೀ ಶಿಫ್ಟು ಬಾಯಿ ಬಡ್ಕೊಳ್ಳುತ್ತೆ ಕಣೇ. ಓಕೆ ಒತ್ತಿ ಒತ್ತಿ ಹೆಬ್ಬೆರಳು ಜೋಮು ಹಿಡಿದಿದೆ." ಅಣ್ಣ ನಕ್ಕ. ನನಗೆ ನಗು ಬರಲಿಲ್ಲ.

ಮಾರ್ಚ್ 19

ಬರೆಯೋಕೆ ಮನಸ್ಸೇ ಇರಲಿಲ್ಲ.

ಅತ್ತಿಗೆ ವಾರ್ಡಿನಲ್ಲಿ ಒಬ್ಬ ಟೈಲರ್. ಆಪರೇಷನ್ ಆಗಿ ಮಲಗಿದ್ದ. ನೋವಿನ ಔಷಧಿ ವಿಪರೀತ ಹರಿದು ಉಸಿರು ನಿಲ್ಲೋ ಹಂತ... ಪಂಪು ಕೂಗಿತ್ತು. ಪೇಪರ್ ಮುಗಿದಿರಬೇಕು ಅಂತ ಅತ್ತಿಗೆ ಓಕೆ ಒತ್ತಿದ್ರು. ಬದುಕಿದಾನೆ. ಆದರೆ ಮೆದುಳಿಗೆ ಆಕ್ಸಿಜನ್ ಸಾಲದೆ ಬಲಗೈ ಆಡ್ತಿಲ್ಲವಂತೆ. ಕತ್ತರಿ ಹಿಡಿಯೋ ಕೈ.

ವಿಚಾರಣೆ ಮುಗಿಯೋ ತನಕ ಅತ್ತಿಗೆ ಡ್ಯೂಟಿಗೆ ಹೋಗೋ ಹಾಗಿಲ್ಲ. ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೀತಿದಾರೆ.

ನಗುಮುಖ ಕರೆಸಿದ. "ಸಾಫ್ಟ್‌ವೇರ್ ಕೂಗಿದೆ, ನರ್ಸ್ ನೋಡಿಲ್ಲ. ವಿಚಾರಣೆಗೆ ಬಂದು ಅಷ್ಟು ಹೇಳು, ಸಾಕು."

"ಆ ನರ್ಸ್ ನಮ್ಮತ್ತಿಗೆ, ಸರ್."

"ಇನ್ನೂ ಒಳ್ಳೇದಾಯ್ತಲ್ಲ! ನೀನು ಹೇಳಿದ್ರೆ ನಂಬ್ತಾರೆ."

ಹಲ್ಲು ಕಿಸಿದುಕೊಂಡೇ ಅಂದ. ಮನೆಗೆ ಬಂದು ಸ್ನಾನ ಮಾಡಿದೆ. ಹೇಸಿಗೆ ಹೋಗಲಿಲ್ಲ.

ಮಾರ್ಚ್ 22

ವಿಚಾರಣೆ. ಮೇಜಿನ ಮೇಲೆ ಪಂಪನ್ನ ಇಟ್ಟು ಚಾಲೂ ಮಾಡಿದ್ರು. ಮುಖ್ಯ ಡಾಕ್ಟರ್ ಅತ್ತಿಗೆನ ಜಾಡಿಸ್ತಿದ್ರು — "ಓದೋಕೆ ಬರಲ್ವೇನಮ್ಮ ನಿನಗೆ?" ಪಂಪು ಬೀಪ್ ಅಂತು. ಮತ್ತೆ ಬೀಪ್. ಡಾಕ್ಟರ್ ಅತ್ತಿಗೆ ಮೇಲಿನ ಕಣ್ಣು ತೆಗೀದೇ ಕೈ ಚಾಚಿ ಓಕೆ ಒತ್ತಿಬಿಟ್ರು.

"ಸರ್, ಈಗ ಅದು ಏನಂತು?" ಕೇಳಿದೆ.

ಡಾಕ್ಟರ್ ಪಂಪಿನ ಕಡೆ ಬಗ್ಗಿ ನೋಡಿದ್ರು. ಮೆಸೇಜು ಆಗಲೇ ಹೋಗಿತ್ತು.

ಎಲ್ಲ ಕಕ್ಕಿದೆ. ಪೇಪರ್, ಗೊಂಬೆ, "ಅಲಂಕಾರ" — ಏನೂ ಬಿಡಲಿಲ್ಲ. ನಗುಮುಖ ನೆಲ ನೋಡ್ತಾ ಕೂತಿದ್ದ.

ಹೊರಗೆ ಬಂದು ಅತ್ತಿಗೆ ಗೋಡೆಗೆ ಒರಗಿದ್ರು. "ಏನೇ ಆದ್ರೂ ಒತ್ತಿದ್ದು ನಾನೇ ಕಣೇ."

ಏಪ್ರಿಲ್ 2

ಬರೀ ನರ್ಸ್ ತಪ್ಪಲ್ಲ ಅಂತ ತೀರ್ಮಾನವಾಗಿ ಅತ್ತಿಗೆ ಮತ್ತೆ ಡ್ಯೂಟಿಗೆ. ಟೈಲರ್ ಹೆಂಡತಿ ಅವರನ್ನ ಕಂಡ ಕೂಡಲೇ ಮುಖ ತಿರುಗಿಸ್ತಾಳಂತೆ. ತಿರುಗಿಸದೆ ಇನ್ನೇನು.

ಆಫೀಸಿನಲ್ಲಿ ಹೊಸ ಆರ್ಡರ್. ಇನ್ಮೇಲೆ ಪ್ರತಿ ಮೆಸೇಜೂ ಎರರ್. ಪ್ರತಿಯೊಂದಕ್ಕೂ ಎರಡು ಸಲ ಓಕೆ. ಬೀಪ್ ಇನ್ನೂ ಜೋರು. "ಇನ್ನು ನಮ್ಮನ್ನ ಯಾರೂ ಕೇಳೋ ಹಾಗಿಲ್ಲ!" — ನಗುಮುಖಕ್ಕೆ ಹಲ್ಲು ವಾಪಸ್ ಬಂದಿದೆ. ರೋಗಿ ಉಳೀಲಿ ಅಂತಲ್ಲ. ನಾವು ಉಳೀಬೇಕು. ಸಭೆಯಲ್ಲಿ ನಾಲ್ಕು ಜನ ಚಪ್ಪಾಳೆ ಬೇರೆ ತಟ್ಟಿದ್ರು.

ಏಪ್ರಿಲ್ 3

ಅವನ ರೂಮಿಗೆ ಹೋದೆ. "ಇದನ್ನ ನಾನು ಬರೆಯಲ್ಲ. ಆಸ್ಪತ್ರೆಯವರಿಗೂ ಹೇಳ್ತೀನಿ."

"ಮೊದ್ಲು ಬಾಗಿಲು ಹಾಕಮ್ಮ."

ಹಾಕಿದೆ. ಹೊರಗಡೆಯಿಂದ.

ಬ್ಯಾಗ್ ಎತ್ಕೊಂಡು ನೇರ ಆಸ್ಪತ್ರೆಗೆ. ಮುಖ್ಯ ಡಾಕ್ಟರ್ ರೂಮಿನ ಮುಂದೆ ಬೆಂಚಿನ ಮೇಲೆ ಕೂತು ಬರೀತಿದೀನಿ. ಕೆಲಸ ಹೋಯ್ತೋ ಇದೆಯೋ ಗೊತ್ತಿಲ್ಲ. ಕರೀತಿದಾರೆ. ಒಳಗೆ ಹೋದ ತಕ್ಷಣ ಮೊದಲನೇ ಮಾತು — ಏನಾಗ್ತಿದೆ; ಎರಡನೇದು, ಈಗೇನು ಮಾಡ್ಬೇಕು: ಈ ಹೊಸ ಸಾಫ್ಟ್‌ವೇರ್ ಹಾಕಿಸ್ಕೋಬೇಡಿ.