ಅಂಟಿಸಿದ ಎರಡು ಪುಟ

ಜೂನ್ ೧೪, ಭಾನುವಾರ

ನನ್ನ ವಟವಟಿಗೆ,

ಅಪ್ಪನ ಆಶೀರ್ವಾದ. ಮಾತು ಕಲಿತ ದಿನದಿಂದ ಬಾಯಿಗೆ ಬಿಡುವು ಕೊಡದವಳೆಂದು ನಾನೇ ಇಟ್ಟ ಹೆಸರು ಅದು. ಈಗ ನಾಲ್ಕು ತಿಂಗಳಿಂದ ನಿನ್ನ ದನಿ ಕೇಳಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕಾಗದ ಮಡಿಚುವುದು, ಹೊಲಿಯುವುದು, ರಟ್ಟು ಹಾಕುವುದು ಬಲ್ಲೆ, ಬರೆದು ಅಭ್ಯಾಸವಿಲ್ಲ. ಹಿಂದುಮುಂದಾದರೆ ನೀನೇ ಜೋಡಿಸಿಕೋ.

ಚಿಕ್ಕವಳಿದ್ದಾಗ ಕಥೆ ಹೇಳದೆ ಮಲಗುತ್ತಿರಲಿಲ್ಲ. ಇದೊಂದು ಕೇಳು. ಒಂದಾನೊಂದು ಶಾಲೆಯಲ್ಲಿ ಒಬ್ಬ ಅಟೆಂಡರ್ ಇದ್ದ. ಗಂಟೆ ಬಾರಿಸುವುದು, ಹರಿದ ಪುಸ್ತಕಕ್ಕೆ ರಟ್ಟು ಹಾಕುವುದು ಅವನ ಕೆಲಸ. ಪ್ರತಿ ಜೂನ್‌ನಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಕಟ್ಟು ಬಂದಾಗ ಹೆಡ್‌ಮೇಡಂ ಅವನನ್ನು ಕರೆದು, ಎಚ್ಐವಿ ಪಾಠದ ಎರಡು ಪುಟ ಒಂದಕ್ಕೊಂದು ಅಂಟಿಸಿ ಆಮೇಲೆ ಹಂಚು ಎನ್ನುತ್ತಿದ್ದರು. ಓದಿದರೆ ಮಕ್ಕಳು ಕೆಡುತ್ತಾರಂತೆ. ಯಾಕೆ ಎಂದು ಅವನು ಕೇಳಲಿಲ್ಲ. ಅದರಲ್ಲೇನಿದೆ ಎಂದು ಓದಲೂ ಇಲ್ಲ. ಮೈದಾ ಹಿಟ್ಟು ಕುದಿಸಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಸೇರಿಸಿ, ಅಂಚಿಗೆ ಅಂಚು ಕೂಡುವಂತೆ ಅಂಟಿಸಿದ. ಅಷ್ಟು ಚೆನ್ನಾಗಿ ಯಾರೂ ಅಂಟಿಸಲಾರರು ಎಂದು ಮೇಡಂ ಹೊಗಳಿದರೆ ಆ ದಿನವಿಡೀ ಬೀಗುತ್ತಿದ್ದ.

ಮಕ್ಕಳು ಅವನಿಗಿಂತ ಜಾಣರು. ಬಿಸಿ ಊಟದ ಡಬ್ಬಿಯ ಹಬೆಗೆ ಪುಟ ಹಿಡಿದು ಬಿಡಿಸಿಕೊಂಡು, ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗುತ್ತ ಓದುತ್ತಿದ್ದರು. ಅವನು ಕಂಡೂ ಕಾಣದಂತೆ ಗಂಟೆ ಬಾರಿಸುತ್ತಿದ್ದ.

ನೀನು ಹತ್ತಕ್ಕೆ ಬಂದೆ. ನನ್ನ ಮಗಳು ಮಾತ್ರ ಅದನ್ನು ನೋಡಬಾರದು ಎಂದುಕೊಂಡೆ. ನಿನ್ನ ಪುಸ್ತಕಕ್ಕೆ ಮೈದಾ ಸಾಲದೆಂದು, ಬಡಗಿಯ ಅಂಗಡಿಯಿಂದ ಮರ ಕೂಡಿಸುವ ಸರೇಸು ತಂದು ಕಾಯಿಸಿ ಹಚ್ಚಿದೆ. ಹಬೆಗೆ ಅದು ಜಗ್ಗಲಿಲ್ಲ. ಗೆಳತಿಯರ ಪುಸ್ತಕ ನೋಡೋಣವೆಂದರೆ, ಅಂಟು ಮಾಮನ ಮಗಳು, ಮನೆಗೆ ಹೋಗಿ ಹೇಳಿಬಿಡುತ್ತಾಳೆ ಎಂದು ನಿನ್ನನ್ನು ಕಂಡೊಡನೆ ಮುಚ್ಚಿಡುತ್ತಿದ್ದರಂತೆ. ಇಡೀ ತರಗತಿಯಲ್ಲಿ ಆ ಎರಡು ಪುಟ ಓದದವಳು ನೀನೊಬ್ಬಳೇ.

ಫೆಬ್ರುವರಿಯಲ್ಲಿ ನೀನು ಆಸ್ಪತ್ರೆಯ ಚೀಟಿ ಹಿಡಿದು ಬಂದು ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. ಕೇಳಿಸದವನಂತೆ ಪೇಪರ್ ಮಗುಚುತ್ತಿದ್ದೆ. ಆ ಹುಡುಗ ನಿನ್ನ ಜೊತೆ ಕೆಲಸ ಮಾಡುವವನು, ನೋಡಲು ಗಟ್ಟಿಮುಟ್ಟು, ಕೆಮ್ಮು ನೆಗಡಿಯೂ ಇಲ್ಲದವನು ಎಂದು ನೀನು ಹೇಳಿದೆ. ಆಮೇಲೆ ಅಂದ ಮಾತು ಇವತ್ತಿಗೂ ಕಿವಿಯಲ್ಲಿ ಕೂತಿದೆ. "ನಾನು ಮಾತ್ರೆ ತಗೊಳ್ತಿದ್ನಲ್ಲಮ್ಮ. ಬಸಿರಾಗದೇ ಇರೋ ಮಾತ್ರೆ. ಅದು ಎಲ್ಲದಕ್ಕೂ ಆಗುತ್ತೆ ಅಂದ್ಕೊಂಡಿದ್ದೆ."

ನಿನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದು ಅಮ್ಮ ಎಂದು ತಿಳಿದು ನೀನು ಅವಳ ಮೇಲೆ ಮುನಿದು ಹೋದೆ. ಹಾಗೇ ತಿಳಿದಿರಲಿ ಎಂದು ನಾನೂ ಸುಮ್ಮನಿದ್ದೆ. ಅವತ್ತು ಸಂಜೆ ಅಂಗಡಿಗೆ ಹೋಗಿ ಅವನ್ನು ತಂದವನು ನಾನು. ತಂಗಿ ಚಿಕ್ಕವಳು, ಅವಳಿಗೆ ಅಂಟೀತು ಎಂದು ಅಮ್ಮನ ಬಾಯಿ ಮುಚ್ಚಿಸಿದವನೂ ನಾನೇ. ಅಮ್ಮ ನಿನ್ನ ಎಂಜಲು ಲೋಟದಲ್ಲೇ ನೀರು ಕುಡಿದಳು, ನೀನು ನೋಡಲಿಲ್ಲ.

ಹೋದ ವಾರ ಅಟ್ಟದಿಂದ ನಿನ್ನ ಹಳೆಯ ಪುಸ್ತಕ ಇಳಿಸಿದೆ. ನೀರು ಸವರಿ, ಚಾಕು ತೂರಿಸಿ, ಅರ್ಧ ದಿನ ಬಿಡಿಸಿದೆ. ನನ್ನ ಕೈಗೆಲಸ ನನಗೇ ಬಗ್ಗಲಿಲ್ಲ. ಒಂದು ಪುಟ ಚಿಂದಿಯಾಯಿತು. ಉಳಿದದ್ದನ್ನು ಬೆರಳಿಟ್ಟು ಓದಿದೆ. ಬಸಿರು ತಡೆಯುವ ಮಾತ್ರೆ ಈ ವೈರಸ್ ತಡೆಯುವುದಿಲ್ಲ, ಕಾಂಡೋಮ್ ತಡೆಯುತ್ತದೆ ಎಂದಿದೆ. ಅದರ ಕೆಳಗಿನ ಸಾಲಿನಲ್ಲೇ, ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ, ಕೈ ಹಿಡಿದರೆ ಹರಡುವುದಿಲ್ಲ ಎಂದಿದೆ. ನಿನಗೆ ಬೇಕಾಗಿದ್ದ ಸಾಲು, ನನಗೆ ಬೇಕಾಗಿದ್ದ ಸಾಲು, ಎರಡೂ ಒಂದೇ ಪುಟದಲ್ಲಿದ್ದವು ಮಗಳೇ. ಹತ್ತೊಂಬತ್ತು ವರ್ಷ ಅದರ ಮೇಲೆ ಕೈಯಾಡಿಸಿದ್ದೇನೆ.

ತಟ್ಟೆ, ಲೋಟ ಗುಜರಿಗೆ ಹಾಕಿದೆ. ಆಸ್ಪತ್ರೆಯ ಮಾತ್ರೆ ಒಂದು ದಿನವೂ ತಪ್ಪಿಸಬೇಡ. ಮನೆಗೆ ಬಾ ಎಂದು ಕರೆಯುವ ಮುಖ ನನಗಿಲ್ಲ; ಬಂದರೆ ನನ್ನ ಪಕ್ಕದಲ್ಲಿ ಕೂತು ಉಣ್ಣು. ಬೈಯುವುದಿದ್ದರೆ ಎದುರಿಗೇ ಬೈ, ನಿನ್ನ ದನಿಯಾದರೂ ಕೇಳಿಸುತ್ತದೆ.

ಇಂತಿ,
ನಿನ್ನ ಅಪ್ಪ, ಊರ ಮಕ್ಕಳ ಅಂಟು ಮಾಮ

ತಾ.ಕ.: ಈ ವರ್ಷದ ಕಟ್ಟು ಗುರುವಾರ ಬಂತು. ಮೇಡಂ ಕರೆದರು. ಬೇಡ ಎನ್ನಲು ನಾಲಗೆ ಏಳಲಿಲ್ಲ, ಎಲ್ಲವನ್ನೂ ಅಂಟಿಸಿದೆ. ಹಿಟ್ಟು ಕಡಿಮೆ, ನೀರು ಜಾಸ್ತಿ ಹಾಕಿದೆ, ನನ್ನ ಧೈರ್ಯ ಅಷ್ಟೇ. ನಿನ್ನ ತಂಗಿಯೂ ಈಗ ಹತ್ತನೆಯ ತರಗತಿ. ಅವಳ ಪುಸ್ತಕವೊಂದನ್ನು ಅಂಟಿಸದೆ ಕೊಟ್ಟೆ. ಸಂಜೆ ಅವಳೇ ಅದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ಅಪ್ಪ, ನಂದೊಂದು ಬಿಟ್ಟುಹೋಗಿದೆ, ಅಂಟಿಸಿಕೊಡು. ಇದನ್ನೆಲ್ಲ ಓದೋಳು ಅಂತ ನನ್ನ ನೋಡಿ ನಗ್ತಾರೆ" ಎಂದಳು. ನಾನು ಅಂಟಿಸಲಿಲ್ಲ. ಕೂರಿಸಿಕೊಂಡು ಓದಿ ಹೇಳಲೂ ಇಲ್ಲ. ಪುಸ್ತಕ ಇನ್ನೂ ಮೇಜಿನ ಮೇಲೇ ಇದೆ.