ಹೌನ್ಸ್ಲೋದ ಹಿತ್ತಿಲ ಓಣಿ

ಮಾರ್ಚ್ 9, ಭಾನುವಾರ

ಮಹಡಿ ಕಿಟಕಿಯಿಂದ ಹಿತ್ತಿಲ ಓಣಿಯ ಈ ತಿಂಗಳ ಫೋಟೋ ತೆಗೆದಾಯಿತು. ಬೆಳಕು ಚೆನ್ನಾಗಿತ್ತು. ಅದೇ ಕೋನ ಸಿಗಲಿ ಅಂತ 1953ರ ಫೋಟೋದ ಪ್ರತಿಯನ್ನು ಗಾಜಿಗೆ ಅಂಟಿಸಿಟ್ಟಿದ್ದೇನೆ. ಪಕ್ಕದ ಮನೆ ಐವಿಯ ಅಪ್ಪ ತೆಗೆದದ್ದು. ಅವರ ಕಿಟಕಿಗೆ ಪೇರ್ ಮರ ಅಡ್ಡ ಬರುತ್ತಿತ್ತಂತೆ. ಆಗ ನಮ್ಮ ಮನೆಯಲ್ಲಿದ್ದವರನ್ನು ಕೇಳಿಕೊಂಡು ಇಲ್ಲಿ ಬಂದು ನಿಂತರಂತೆ. ರಾಣಿಯ ಪಟ್ಟಾಭಿಷೇಕದ ದಿನ. ಹಿತ್ತಿಲ ಓಣಿಯ ಉದ್ದಕ್ಕೂ ಮೇಜು, ಕಾಗದದ ಟೋಪಿ, ಹಲ್ಲು ಬಿದ್ದ ಮಕ್ಕಳು. ಹತ್ತೊಂಬತ್ತರ ಐವಿ, ಕೈಯಲ್ಲಿ ಕೆಟಲ್.

ನನ್ನ ಫೋಟೋದಲ್ಲಿ ಬಿನ್‌ಗಳು, ಒದ್ದೆಯಾದ ಒಂದು ಮ್ಯಾಟ್ರೆಸ್... ಓಣಿಯ ಬಾಯಲ್ಲಿ ರಾಕೇಶನ ಶೆಡ್. ಕಳೆದ ತಿಂಗಳು ಅರ್ಧ ಓಣಿ ಬಿಟ್ಟಿತ್ತು. ಈಗ ಆಚೆ ಗೋಡೆಗೆ ತಾಗಿದೆ. ಓಣಿ ಮುಚ್ಚಿಹೋಯಿತು.

ಐವಿಗೆ ತೊಂಬತ್ತೊಂದು. ಹುಟ್ಟಿದ್ದೇ ಆ ಮನೆಯಲ್ಲಿ. ಮುಂದೆ ಮೆಟ್ಟಿಲು, ಅವಳು ಕೂತು ಓಡಾಡುವ ನಾಲ್ಕು ಚಕ್ರದ ಮೊಬಿಲಿಟಿ ಸ್ಕೂಟರ್ ಹೋಗುತ್ತಿದ್ದದ್ದು ಹಿಂದಿನಿಂದಲೇ. ಸೋಮವಾರದಿಂದ ಹೊರಗೆ ಬಂದಿಲ್ಲ.

ರಾಕೇಶನ ಜೊತೆ ಮಾತಾಡಬೇಕು. ನಮ್ಮ ಇನ್ನೊಂದು ಪಕ್ಕದ ಕೊನೆ ಮನೆ ಅವನದು. ಬೆಂಗಳೂರಿನವನು. ಐಟಿ ಬಿಟ್ಟು ಈಗ ಮನೆ ಬಾಡಿಗೆಯ ವ್ಯವಹಾರ. ತಾನು ಆಸ್ಟರ್ಲಿಯಲ್ಲಿ ಇರುತ್ತಾನೆ. ನಮ್ಮ ಕನ್ನಡದವರ ಯುಗಾದಿ ಊಟದಲ್ಲಿ ಮೈಕ್ ಹಿಡಿಯುವವನು.

ಮಾರ್ಚ್ 23

ಮಾತಾಡಿದೆ. ಲೈಬ್ರರಿಯ ಸ್ಥಳೀಯ ಇತಿಹಾಸದ ಗುಂಪಿನಲ್ಲಿ ಸಿಕ್ಕ 1914ರ ಮ್ಯಾಪಿನ ಪ್ರತಿ ಒಯ್ದಿದ್ದೆ. ಎರಡು ಸಣ್ಣ ಗೆರೆಗಳ ಮಧ್ಯೆ ನಮ್ಮ ಓಣಿ ಸ್ಪಷ್ಟವಾಗಿ ಇದೆ. ನಕ್ಕ. ಟೀ ಮಾಡಿಸಿ ಕೊಟ್ಟ.

‘ಆಂಟಿ, ಹಳೇ ಮ್ಯಾಪ್ ಇಟ್ಕೊಂಡು ನೋಡಿದ್ರೆ ಅರ್ಧ ಹೌನ್ಸ್ಲೋ ಬರೀ ಹೊಲ. ಎಲ್ಲ ಕೆಡವಿ ಹೊಲ ಮಾಡಿ ಅಂತೀರಾ?’

ಐವಿಯ ಕಷ್ಟ ಹೇಳಿದೆ. ಸ್ಕೂಟರ್‌ಗೆ ಮುಂದೆ ರ್‍ಯಾಂಪ್ ಹಾಕಿಸಿಕೊಳ್ಳಲಿ, ನಮ್ಮ ಏರಿಯಾದ ಕೌನ್ಸಿಲ್ ದುಡ್ಡು ಕೊಡುತ್ತೆ ಅಂದ. ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ಸಂಜೆ ಐವಿ ಗೋಡೆ ಬಡಿದಳು. ಹೋದೆ. ಅವಳ ಹಿತ್ತಿಲ ಗೇಟು ಕಿತ್ತು ಬಿದ್ದಿತ್ತು. ಸ್ಕೂಟರ್‌ನ ನಾಲ್ಕೂ ಚಕ್ರ ಚಾಕುವಿನಿಂದ ಸೀಳಿದ್ದರು. ಸೀಟನ್ನೂ. ಸ್ಪಂಜು ಹುಲ್ಲಿನ ಮೇಲೆ ಚೆಲ್ಲಿತ್ತು. ಯಾರೂ ಕಂಡಿಲ್ಲ.

ನನ್ನ ಗಂಡ ಮುಕುಂದನಿಗೆ ಹೇಳಿದೆ. ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ದಿನವಿಡೀ ಬೇರೆಯವರ ಬ್ಯಾಗ್ ತಡಕಿ ಬರುವವನು, ಮನೆಗೆ ಬಂದರೆ ಏನೂ ತಡಕಲಾರ. ‘ಬಿಡು. ಅವನು ನಮ್ಮವನು, ನಾಳೆ ಮುಖ ನೋಡ್ಬೇಕು’ ಅಂದ.

ಏಪ್ರಿಲ್ 12, ಶನಿವಾರ

ಐವಿಯ ನೆನಪುಗಳನ್ನು ರೆಕಾರ್ಡ್ ಮಾಡಿಕೊಂಡೆ, ಗುಂಪಿಗಾಗಿ. ಕೌನ್ಸಿಲ್‌ಗೂ ಬೇಕಾಗಬಹುದು. ಹಿಂದೆ ಓಣಿಗೆ ಬರುತ್ತಿದ್ದ ಕಲ್ಲಿದ್ದಲ ಗಾಡಿಯ ವಿಷಯ ಹೇಳುತ್ತಾಳೆ ಅಂದುಕೊಂಡಿದ್ದೆ.

ಯುದ್ಧಕಾಲದ, 1944ರ ಬೇಸಿಗೆಯ ಕಥೆ ಹೇಳಿದಳು. ಹತ್ತು ವರ್ಷದವಳು. ಹಾರುವ ಬಾಂಬು ರಸ್ತೆಯ ತುದಿಗೆ ಬಿತ್ತು. ಸತ್ತವರನ್ನು ಹೊತ್ತು ತಂದು ಈ ಓಣಿಯಲ್ಲೇ ಮಲಗಿಸಿದರು. ಗಾರೆಯ ಪುಡಿ ಬಿದ್ದು ಎಲ್ಲರ ತಲೆಯೂ ಬೆಳ್ಳಗೆ. ಚಿಕ್ಕವರು ಯಾರು, ಮುದುಕರು ಯಾರು ಗೊತ್ತಾಗಲಿಲ್ಲವಂತೆ. ಐವಿಯ ಅಮ್ಮ ಕೆಟಲ್‌ನಲ್ಲಿ ನೀರು ತಂದು ಒಂದೊಂದೇ ತಲೆ ತೊಳೆದಳು. ಕೆಂಪು ಕೂದಲು ಹೊರಬಂತು. ಆಗ ಗೊತ್ತಾಯಿತು, ಅದು ಐವಿಯ ಜೊತೆ ಶಾಲೆಗೆ ಹೋಗುತ್ತಿದ್ದ ಹುಡುಗಿ. ಮೊಣಕಾಲಿನ ಕೆಳಗೆ ಏನೂ ಇರಲಿಲ್ಲ.

ಮ್ಯಾಪ್ ಕೊಟ್ಟೆ. ಅವರನ್ನು ಮಲಗಿಸಿದ್ದ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಹಾಕಿದಳು. ಆಮೇಲೆ ಬಿಸ್ಕೆಟ್ ತಿಂದಳು. ನನಗೆ ತಿನ್ನಲಾಗಲಿಲ್ಲ.

ಏಪ್ರಿಲ್ 15, ಮಧ್ಯಾಹ್ನ

ಶೆಡ್ಡಿನೊಳಗಿಂದ ಕನ್ನಡ!

ಬಟ್ಟೆ ಒಣಗಿಸುತ್ತಿದ್ದೆ. ಯಾರೋ ಫೋನಿನಲ್ಲಿ, ‘ಉಂಡೀನಬೇ, ಬಿಸಿ ಉಂಡೀನಿ, ನೀ ಚಿಂತಿ ಮಾಡಬ್ಯಾಡ.’ ಶೆಡ್ಡಿನ ಹಿಂಬದಿಯ ಹಲಗೆಗೆ ಬಾಯಿಟ್ಟು ಯಾವ ಊರಪ್ಪ ಅಂದೆ. ಫೋನ್ ಇಟ್ಟ ಸದ್ದು. ಆಮೇಲೆ, ‘ಕಲಬುರಗಿ ರೀ.’

ವಿನಾಯಕ. ಇಪ್ಪತ್ತೇಳು, ಇಪ್ಪತ್ತೆಂಟು ಇರಬಹುದು. ಏರ್‌ಪೋರ್ಟ್ ಹತ್ತಿರದ ಗೋದಾಮಿನಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಜೊತೆಗೆ ಬಿಷ್ಣು ಅಂತ ನೇಪಾಳದವನು. ಸಂಜೆಯ ಮೇಲೆ ಬ್ಯಾಟರಿ ಸೈಕಲ್ಲಿನಲ್ಲಿ ಊಟ ಡೆಲಿವರಿ ಮಾಡುತ್ತಾನೆ. ಕಿಟಕಿ ಇಲ್ಲ. ಬಾಗಿಲು ಒಂದೇ, ರಾಕೇಶನ ಅಂಗಳದ ಕಡೆಗೆ. ಹಿಂದೆ ಒಂದು ಹಲಗೆ ಸಡಿಲವಾಗಿತ್ತು. ಸರಿಸಿ ಮುಖ ತೋರಿಸಿದ. ಚಿತ್ರಾನ್ನದ ತಟ್ಟೆ ಅದರಲ್ಲೇ ದಾಟಿಸಿದೆ.

ಮೇ 18, ಭಾನುವಾರ

ತಿಂಗಳ ಫೋಟೋಗೆ ಕಿಟಕಿಯಲ್ಲಿ ನಿಂತಿದ್ದೆ. ರಾಕೇಶ ಬೀಗ ತೆಗೆದು ತನ್ನ ಅಂಗಳದ ಗೇಟಿನಿಂದ ಓಣಿಗೆ ಬಂದ, ಶೆಡ್ಡಿನ ನಮ್ಮ ಬದಿಗೆ. ಸಡಿಲ ಹಲಗೆ ನೋಡಿದ. ವಿನಾಯಕನನ್ನು ಕರೆಸಿದ. ಏನೋ ಕೇಳಿದ, ನಮ್ಮ ಹಿತ್ತಿಲಿನ ಕಡೆ ಕೈ ತೋರಿಸಿ. ಹುಡುಗ ತಲೆ ಅಲ್ಲಾಡಿಸಿದ.

ರಾಕೇಶ ಸಲಿಕೆಯ ಹಿಡಿಯಿಂದ ಹೊಡೆದ. ಮೊದಲು ಮೊಣಕಾಲಿಗೆ. ಬಿದ್ದ ಮೇಲೆ ಪಕ್ಕೆಗೆ, ಬೆನ್ನಿಗೆ. ವಿನಾಯಕ ಕೂಗಲಿಲ್ಲ, ತಲೆಯನ್ನು ತೋಳುಗಳ ನಡುವೆ ಹಿಡಿದು ಸುತ್ತಿಕೊಂಡ. ಬೂಟುಗಾಲು ಬಾಯಿಗೆ ಬಿತ್ತು. ಅದರ ಸದ್ದು ಮಹಡಿಗೂ ಕೇಳಿತು. ನನ್ನ ಬೆರಳು ಕ್ಲಿಕ್ ಮಾಡುತ್ತಲೇ ಇತ್ತು. ಕೂಗಬೇಕಿತ್ತು. ಕೂಗಲಿಲ್ಲ.

ಆಮೇಲೆ ರಾಕೇಶ ಅವನನ್ನು ಎಳೆದೊಯ್ದು ಶೆಡ್ಡಿಗೆ ಹಾಕಿ ಬಂದು, ಮೊಳೆ ತಂದು ಹಲಗೆ ಬಿಗಿಯಾಗಿ ಹೊಡೆದ. ಕೂದಲು ಸರಿ ಮಾಡಿಕೊಂಡ. ಹೋದ.

ಓಡಿಹೋದೆ. ಹಲಗೆಯ ಆಚೆ ಉಸಿರು ಮಾತ್ರ. ಪೊಲೀಸಿಗೆ ಫೋನ್ ಮಾಡುತ್ತೇನೆ ಅಂದೆ.

‘ಬ್ಯಾಡ್ರಿ ಅಮ್ಮಾರ. ವೀಸಾ ಮುಗದದ ನಂದು. ಹೊಡದ್ರ ಮೈ ನೋಯ್ತದ, ಅಷ್ಟ. ಊರಿಗಿ ಕಳಿಸಿದ್ರ ಎಲ್ಲಾ ಮುಗೀತು.’

ಮಾಡಲಿಲ್ಲ.

ಜೂನ್ 3

ಓಣಿಯ ಹಕ್ಕು ಖಾಸಗಿ ವಿಷಯ, ಆದರೆ ಪರವಾನಗಿ ಇಲ್ಲದ ಕಟ್ಟಡವನ್ನು ಕೌನ್ಸಿಲ್ ನೋಡಬಹುದು ಅಂತ ಲೈಬ್ರರಿಯಲ್ಲಿ ಹೇಳಿದರು. ಮ್ಯಾಪ್, ಐವಿಯ ಅಪ್ಪನ ಫೋಟೋಗಳು, ನನ್ನ ತಿಂಗಳ ಫೋಟೋಗಳು, ಎಲ್ಲ ಕಳಿಸಿದೆ. ಮೇ ತಿಂಗಳಿನದು ಬಿಟ್ಟು. ಒಳಗೆ ಜನ ಇದ್ದಾರೆ ಅಂತ ಬರೆಯಲಿಲ್ಲ. ಶೆಡ್ ಹೋಗಲಿ, ಹುಡುಗರು ಸಿಕ್ಕಿಬೀಳದಿರಲಿ... ಎರಡೂ ಹೇಗೆ ಆಗುತ್ತೆ? ಯೋಚಿಸಿದರೆ ತಲೆ ಕೆಡುತ್ತದೆ.

ಐವಿ ಮಲಗಿದಲ್ಲೇ. ನಡೆದಾಡದೆ ಕಾಲು ಬಾತಿದೆ.

ಜೂನ್ 28, ಶನಿವಾರ

ಕೌನ್ಸಿಲ್ ರಾಕೇಶನಿಗೆ ತಿಳಿಸಿದೆ. ಮುಂದಿನ ತಿಂಗಳು ಹತ್ತನೇ ತಾರೀಕು ಅಧಿಕಾರಿ ನೋಡಲು ಬರುತ್ತಾರಂತೆ. ಅವನು ನಮ್ಮ ಬಾಗಿಲಿಗೆ ಬಂದ. ಮುಕುಂದ ತೆರೆದ.

‘ಅಂಕಲ್, ನಮ್ಮೋರೇ ನಮ್ಮೋರ ಮೇಲೆ ಕಂಪ್ಲೇಂಟ್ ಕೊಡೋದಾ? ಹೆಂಡ್ತಿನ ಹಿಡಿತದಲ್ಲಿ ಇಟ್ಕೊಳ್ಳೋಕೆ ಆಗಲ್ವಾ ನಿಮಗೆ?’

ಹೊರಗೆ ನಡಿ ಅಂದ ಮುಕುಂದ. ಅಷ್ಟೇ ಅಂದದ್ದು. ರಾಕೇಶ ಬಾಗಿಲನ್ನು ಒದ್ದ. ಬಾಗಿಲ ಅಂಚು ಮುಕುಂದನ ಮುಖಕ್ಕೆ ಬಡಿಯಿತು. ತುಟಿ ಎರಡಾಗಿ ಸೀಳಿತು, ಮುಂದಿನ ಹಲ್ಲು ಕಾರ್ಪೆಟ್ ಮೇಲೆ. ರಕ್ತ ನನ್ನ ಅಂಗೈ ತುಂಬಿತು.

ಪೊಲೀಸರು ಬಂದರು, ಬರೆದುಕೊಂಡರು. ಬಾಗಿಲು ಗಾಳಿಗೆ ಬಡಿದಿರಬೇಕು ಅಂದನಂತೆ ಅವನು.

ಮುಕುಂದ ಊಟ ಮಾಡಲಿಲ್ಲ. ಮಲಗುವ ಮುಂಚೆ ಮೇ ತಿಂಗಳ ಫೋಟೋಗಳನ್ನು ತೋರಿಸು ಅಂದ. ಎಲ್ಲ ನೋಡಿದ. ನನಗೆ ಯಾಕೆ ತೋರಿಸಲಿಲ್ಲ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಜುಲೈ 10

ಆಗುತ್ತಿಲ್ಲ. ನಾಳೆ ಬರೆಯುತ್ತೇನೆ.

ಜುಲೈ 14, ಸೋಮವಾರ

ಪೊಲೀಸರಿಗೆ ಹೇಳಿ ಬಂದೆ. ಇಲ್ಲೂ ಒಮ್ಮೆ ಬರೆದುಬಿಡಬೇಕು.

ಗುರುವಾರ ಬಿಸಿಲು ವಿಪರೀತ. ಬೆಳಿಗ್ಗೆ ರಾಕೇಶ ಬಂದು ಹುಡುಗರಿಗೆ ಸದ್ದು ಮಾಡಬೇಡಿ ಅಂತ ಹೇಳಿ, ಶೆಡ್ಡಿನ ಬಾಗಿಲಿಗೆ ಹೊರಗಿನಿಂದ ಚೈನು ಸುತ್ತಿ ಬೀಗ ಹಾಕಿ ಹೋಗಿದ್ದ. ಇದು ವಿನಾಯಕ ಆಮೇಲೆ ಹೇಳಿದ್ದು. ಅಧಿಕಾರಿ ಬಂದರು, ಬೆಲ್ ಒತ್ತಿದರು, ಯಾರೂ ತೆರೆಯದೆ ಕಾರ್ಡ್ ಹಾಕಿ ಹೋದರು. ರಾಕೇಶ ಬೀಗ ತೆಗೆಯಲು ಬರಲಿಲ್ಲ.

ಊಟದ ಹೊತ್ತಿಗೆ ಪಟಾಕಿಯಂಥ ಸದ್ದು. ಬಿಷ್ಣುವಿನ ಸೈಕಲ್ ಬ್ಯಾಟರಿ. ಚಾರ್ಜಿಗೆ ಹಾಕಿದ್ದ. ಹಿತ್ತಿಲಿಗೆ ಬಂದರೆ ಶೆಡ್ಡಿನ ಸೂರಿನಡಿಯಿಂದ ಕಪ್ಪು ಹೊಗೆ, ಒಳಗಿನಿಂದ ಬಡಿತ. ಎರಡು ಜೊತೆ ಕೈಗಳ ಬಡಿತ.

ಮುಕುಂದ ಆವತ್ತು ರಜೆ. ಕೊಡಲಿ ತಂದ. ಮೊಳೆ ಹೊಡೆದ ಹಲಗೆಯ ಮೇಲೆ ಬಿದ್ದ. ಅರವತ್ತಮೂರು ವರ್ಷದವನು, ಹೊಲಿಗೆ ಹಾಕಿದ ತುಟಿ ಮತ್ತೆ ಬಿಚ್ಚಿ ಗಲ್ಲದ ಮೇಲೆ ರಕ್ತ, ಹೊಡೆಯುತ್ತಲೇ ಇದ್ದ. ನಾನು ಪೈಪಿನಿಂದ ನೀರು ಬಿಟ್ಟೆ. ಹಲಗೆ ಮುರಿಯಿತು. ಒಂದು ಕೈ ಹೊರಗೆ ಬಂತು. ಹಿಡಿದು ಎಳೆದೆ. ಚರ್ಮ ಕೈಗವಸಿನ ಹಾಗೆ ನನ್ನ ಕೈಗೆ ಬಂತು. ಬಿಡಲಿಲ್ಲ, ತೋಳಿಗೆ ಹಿಡಿದೆ. ಮುಕುಂದ ಅಂಗಿ ಹಿಡಿದ. ವಿನಾಯಕ ಹೊರಗೆ ಬಿದ್ದ. ಕೂದಲು ಹೊಗೆಯಾಡುತ್ತಿತ್ತು.

ಒಳಗೆ ಬಿಷ್ಣು ಏನೋ ಕೂಗುತ್ತಿದ್ದ. ಅಷ್ಟರಲ್ಲಿ ಸೂರು ಕುಸಿಯಿತು.

ಫೈರ್ ಇಂಜಿನ್ ಬಂತು. ಓಣಿಯ ಬಾಯಲ್ಲೇ ಶೆಡ್, ಪೈಪ್ ತರಲು ದಾರಿಯಿಲ್ಲ. ನಮ್ಮ ಮನೆಯೊಳಗಿಂದಲೇ ಎಳೆದು ತಂದರು. ಹಿಂದೆಯೇ ರಾಕೇಶ. ಒಳಗೆ ಇನ್ನೂ ಯಾರಾದರೂ ಇದ್ದಾರಾ ಅಂತ ಫೈರ್ ಅಧಿಕಾರಿ ಕೇಳಿದರು. ನನ್ನ ಎದುರೇ, ಇಂಗ್ಲಿಷಿನಲ್ಲಿ, ಸಮಾಧಾನವಾಗಿ ಹೇಳಿದ: ಇಲ್ಲ, ಅದು ಸಾಮಾನು ಇಡುವ ಜಾಗ, ಇವನು ಕದಿಯಲು ನುಗ್ಗಿರಬೇಕು.

ಕಾಲ ಬಳಿ ಅರ್ಧ ಇಟ್ಟಿಗೆ ಇತ್ತು. ಎತ್ತಿ ಅವನ ಮುಖಕ್ಕೆ ಹೊಡೆದೆ. ಮೂಗಿನ ಮೂಳೆ ಮುರಿದದ್ದು ಕೈಗೆ ತಿಳಿಯಿತು. ಬಿದ್ದ. ಮತ್ತೊಮ್ಮೆ ಹೊಡೆದೆ, ದವಡೆಗೆ. ‘ಒಳಗೆ ಬಿಷ್ಣು ಇದಾನೆ’ ಅಂತ ಕೂಗುತ್ತಿದ್ದೆ, ಕನ್ನಡದಲ್ಲಿ. ಅವರಿಗೆ ಅರ್ಥವಾಗಲಿಲ್ಲ. ಮುಕುಂದ ನನ್ನ ಸೊಂಟ ಹಿಡಿದು ಹಿಂದೆಳೆದು ಇಂಗ್ಲಿಷಿನಲ್ಲಿ ಹೇಳಿದ.

ಫೈರಿನವರು ಒಳಗೆ ಹೋದರು. ಬಿಷ್ಣು ಬಾಗಿಲ ಬಳಿ ಇದ್ದ, ಬೀಗದ ಕಡೆ. ತಡವಾಗಿತ್ತು.

ಪೊಲೀಸ್ ಹೆಂಗಸು ಕೇಳಿದಳು, ಎರಡನೇ ಸಲ ಯಾಕೆ ಹೊಡೆದಿರಿ? ಮೂರನೇ ಸಲ ಹೊಡೆಯಲು ಮುಕುಂದ ಬಿಡಲಿಲ್ಲ, ಅದಕ್ಕೆ ಎರಡಕ್ಕೆ ನಿಂತಿತು ಅಂದೆ. ಮುಕುಂದ ತಲೆ ತಗ್ಗಿಸಿದ. ನನಗೆ ಪಶ್ಚಾತ್ತಾಪ ಬಂದಿಲ್ಲ. ಕಾಯುತ್ತಿದ್ದೇನೆ, ಬಂದಿಲ್ಲ. ಅದೇ ಭಯ.

ಮೇ ತಿಂಗಳ ಫೋಟೋಗಳನ್ನು ಕೊಟ್ಟೆ. ಮೇ ತಿಂಗಳಲ್ಲೇ ಕೊಟ್ಟಿದ್ದರೆ ಅಂತ ಅವಳು ಕೇಳಲಿಲ್ಲ. ಎಲ್ಲರೂ ಯಾಕೆ ಕೇಳದೆ ಬಿಡುತ್ತಾರೆ?

ಆಗಸ್ಟ್ 9, ಶನಿವಾರ

ರಾಕೇಶನ ಮೇಲೆ ಕೇಸು ಆಗಿದೆ, ಮನುಷ್ಯನ ಸಾವಿಗೆ ಕಾರಣನಾದದ್ದಕ್ಕೆ. ಜಾಮೀನು ಸಿಕ್ಕಿಲ್ಲ. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನಮ್ಮವರ ವಾಟ್ಸ್ಯಾಪ್ ಗುಂಪಿನಿಂದ ನನ್ನನ್ನು ತೆಗೆದಿದ್ದಾರೆ. ರಾಕೇಶನ ಹೆಂಡತಿ ಸಿರಿಶಾ ಫೋನ್ ಮಾಡಿದ್ದಳು. ಬೈಯುತ್ತಾಳೆ ಅಂದುಕೊಂಡೆ.

‘ಮನೇಲೂ ಹೊಡೀತಿದ್ರು ಆಂಟಿ’ ಅಂದಳು. ಇಟ್ಟಳು.

ವಿನಾಯಕ ಇನ್ನೂ ಬರ್ನ್ಸ್ ವಾರ್ಡಿನಲ್ಲಿ. ಸಾಕ್ಷಿ ಹೇಳಬೇಕಲ್ಲ, ಸದ್ಯಕ್ಕೆ ಊರಿಗೆ ಕಳಿಸುವುದಿಲ್ಲವಂತೆ. ಅವನ ಅವ್ವ ರತ್ನವ್ವನಿಗೆ ಫೋನ್ ಹಚ್ಚಿ ಅವನ ಕಿವಿಗೆ ಹಿಡಿದಿದ್ದೆ. ಬಿಸಿ ಉಂಡಿದ್ದೇನೆ ಅಂದ. ವಿಡಿಯೋ ಕಾಲ್ ಯಾಕೆ ಮಾಡುವುದಿಲ್ಲ ಅಂತ ಅವ್ವ ಕೇಳುತ್ತಿದ್ದಳು, ನನಗೂ ಕೇಳಿಸಿತು.

ಕೌನ್ಸಿಲ್‌ನವರು ಸುಟ್ಟದ್ದನ್ನೆಲ್ಲ ತೆಗೆದು ಓಣಿ ತೆರೆದರು. ಐವಿಗೆ ಹೊಸ ಸ್ಕೂಟರ್ ಬಂದಿದೆ, ಅವಳ ಚರ್ಚಿನವರು ಕೊಟ್ಟದ್ದು. ಹತ್ತಿ ಕೂತಳು. ಕಪ್ಪು ನೆಲದವರೆಗೆ ಹೋಗಿ ನಿಲ್ಲಿಸಿ, ಹಿಂದಕ್ಕೆ ಬಂದಳು. ಇನ್ನು ಮುಂದಿನ ಮೆಟ್ಟಿಲಿಗೆ ರ್‍ಯಾಂಪ್ ಹಾಕಿಸುತ್ತಾಳಂತೆ. ಸತ್ತವರು ಬಿದ್ದಿದ್ದ ನೆಲದ ಮೇಲೆ ಈ ವಯಸ್ಸಿಗೆ ಎರಡನೇ ಸಲ ಓಡಾಡಲಾರೆ ಅಂದಳು.

ಸೆಪ್ಟೆಂಬರ್ 14, ಭಾನುವಾರ

ಬಿಷ್ಣುವಿನ ಅಣ್ಣ ಬಂದಿದ್ದರು, ಆಲ್ಡರ್‌ಶಾಟ್‌ನಿಂದ. ಸಣ್ಣ ಆಳು, ಇಸ್ತ್ರಿ ಮಾಡಿದ ಕೋಟು. ಜಾಗ ನೋಡಬೇಕು ಅಂದರು. ವಿನಾಯಕನೂ ಬಂದಿದ್ದ, ಮೊನ್ನೆಯಷ್ಟೇ ಬಿಡುಗಡೆ. ಈಗ ನಮ್ಮ ಮನೆಯಲ್ಲೇ ಇದ್ದಾನೆ. ಮುಕುಂದನೇ ಹೋಗಿ ಕರೆದುಕೊಂಡು ಬಂದ. ವಿನಾಯಕನೂ ಅಣ್ಣನೂ ಹಿಂದಿಯಲ್ಲಿ ಮಾತಾಡಿದರು.

ತಮ್ಮ ಎಲ್ಲಿ ಮಲಗುತ್ತಿದ್ದ ಅಂತ ಕೇಳಿದರು. ನಾನು ಮ್ಯಾಪ್ ಬಿಡಿಸಿದೆ. ಓಣಿ, ಗೋಡೆ, ಶೆಡ್ ಇದ್ದ ಜಾಗ, ಎಲ್ಲ ಗೆರೆ ಎಳೆದಿಟ್ಟಿದ್ದೆ. ಅವರು ಅದನ್ನು ನೋಡಿ ತಲೆಯಾಡಿಸಿದರು, ಏನೂ ತಿಳಿಯದವರ ಹಾಗೆ. ವಿನಾಯಕ ಆ ಕಪ್ಪು ನೆಲದ ಮೇಲೆ ಮಲಗಿಬಿಟ್ಟ. ಗೋಡೆಗೆ ಮುಖ, ಮಂಡಿ ಮಡಚಿ, ಸುಟ್ಟ ಕೈ ಎದೆಯ ಮೇಲೆ.

‘ಹಿಂಗ ಮಲಗತಿದ್ದ’ ಅಂದ ನನಗೆ. ಅವರಿಗೂ ಹೇಳಿದ.

ಅಣ್ಣ ಕೋಟಿನ ಸಮೇತ ಪಕ್ಕದಲ್ಲಿ ಕೂತರು. ನೆಲ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಕೊನೆಗೆ ಅವನು ಏನಾದರೂ ಕೂಗಿದನಾ ಅಂತ ಕೇಳಿದರು.

ಕೂಗಿದ್ದ. ‘ದಾಜು, ದಾಜು’ ಅಂತ, ನೇಪಾಳಿಯಲ್ಲಿ; ಅಣ್ಣ ಅಂತ ಅದರ ಅರ್ಥ ಎಂದು ವಿನಾಯಕ ಆಮೇಲೆ ಹೇಳಿದ್ದ. ಹೇಳಲು ಬಾಯಿ ತೆರೆದೆ. ವಿನಾಯಕ ಮಲಗಿದ್ದಲ್ಲಿಂದಲೇ ನನ್ನನ್ನು ನೋಡಿ, ಬ್ಯಾಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದ. ಅಣ್ಣ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ನಿಮ್ಮನ್ನೇ ಕರೆದ ಅಂದೆ.