ಎರಡು ಕುಂಡಗಳ ಹೆಸರು

ಸೋಮವಾರ, ಬೆಳಿಗ್ಗೆ

ನಿಮಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಪತ್ರ ಓದಿದ ಮೇಲೆ ಬೇಕೆನಿಸಿದರೆ ನೀವೇ ಸೇರಿಸಿಕೊಳ್ಳಿ. ಮಗಳು ನೀವು ತಂದಿಟ್ಟು ಹೋದ ಬಣ್ಣದ ಪೆಟ್ಟಿಗೆಯನ್ನು ದಿಂಬಿನ ಕೆಳಗೇ ಇಟ್ಟುಕೊಂಡು ಮಲಗುತ್ತಾಳೆ. ಅಪ್ಪ ನಿಜವಾಗ್ಲೂ ವಾಪಸ್ ಬರ್ತಾರಾ ಅಂತ ಒಂದೇ ಸಮನೆ ನನ್ನ ತಲೆ ತಿನ್ನುತ್ತಾಳೆ.

ತೋಟದಲ್ಲಿ ಕಳ್ಳತನವಾಗಿದೆ. ನೀವು ಬಂದುಹೋದ ಮರುದಿನ ನೋಡಿದರೆ ನೆರಳುಚಪ್ಪರದಲ್ಲಿ ಒಂದು ಕುಂಡ ಮಾಯ! ನಮ್ಮ ಗುಡ್ಡದ ಬಳ್ಳಿ ಈ ಒಣನೆಲದಲ್ಲಿ ಬೇರೆಲ್ಲೂ ಉಳಿದಿಲ್ಲ. ಕಳ್ಳರಿಗೆ ಹೆದರಿ ಅದರ ಹೆಸರಿನ ತಗಡನ್ನು ಪಕ್ಕದ ಕಾಡುಬಳ್ಳಿಯ ಕುಂಡಕ್ಕೂ, ಕಾಡುಬಳ್ಳಿಯ ತಗಡನ್ನು ಗುಡ್ಡದ ಬಳ್ಳಿಯ ಕುಂಡಕ್ಕೂ ಚುಚ್ಚಿಟ್ಟವರು ನಾವಿಬ್ಬರೇ. ಬೇಸಿಗೆಯಲ್ಲಿ ಎರಡೂ ಎಲೆ ಉದುರಿಸಿ ಮಣ್ಣೊಳಗೆ ಗೆಡ್ಡೆಯಾಗಿ ಮಲಗಿಬಿಡುತ್ತವೆ. ನೋಡುವವರಿಗೆ ತಗಡೇ ಗತಿ.

ಈ ಕಳ್ಳ ಮಾತ್ರ ವಿಚಿತ್ರದವನು. ಅಪರೂಪದ ಹೆಸರಿನ ಕುಂಡವನ್ನು ಮುಟ್ಟದೆ, ಯಾರಿಗೂ ಬೇಡದ ಕಾಡುಬಳ್ಳಿಯ ಹೆಸರಿದ್ದ ಕುಂಡವನ್ನೇ ಎತ್ತಿದ್ದಾನೆ.

ಮೇಲ್ವಿಚಾರಕರು ಪಾಪ ಕಾವಲುಗಾರನ ಚೀಲ ಜಾಲಾಡಿದರು. ಅವನಿಗೆ ತಗಡಿನ ಗುಟ್ಟು ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಮತ್ಯಾರಿಗೆ ಗೊತ್ತು ಅಂತ ಕೇಳಿದರೆ ಏನು ಹೇಳಲಿ ಎಂದು ಸುಮ್ಮನಾದೆ. ನಾಚಿಕೆಯಾಯಿತು.

ಬಂದ ದಿನ ನೀವು ಅಪರೂಪದ ಗಿಡಗಳ ವ್ಯಾಪಾರ ಬಿಟ್ಟುಬಿಟ್ಟೆ, ಇನ್ನು ಒಟ್ಟಿಗೆ ಇರೋಣ ಅಂದಿರಿ. ಕಣ್ಣಲ್ಲಿ ನೀರೂ ಇತ್ತು. ಹಳೆಯ ಚಪ್ಪರವನ್ನು ಒಂದ್ಸಲ ನೋಡಿ ಬರ್ತೀನಿ ಅಂತ ಬೀಗದ ಕೈ ಕೇಳಿದಾಗ ಕೊಟ್ಟೆ. ವಾಪಸ್ ಬರುವಾಗ ಆ ಸುಡುಬಿಸಿಲಲ್ಲೂ ಕೋಟನ್ನು ಎದೆಗವಚಿಕೊಂಡಿದ್ದಿರಿ. ಬೇಗ ಹೊರಡಬೇಕು ಅಂದಿರಿ. ಮಗಳು ಶಾಲೆಯಿಂದ ಬರುವ ತನಕವೂ ಕಾಯಲಿಲ್ಲ.

ನನ್ನದು ಬರೀ ಅನುಮಾನದ ಬುದ್ಧಿ ಎಂದು ನೀವು ಯಾವಾಗಲೂ ರೇಗಿಸುತ್ತಿದ್ದಿರಿ. ಈ ಸಲ ಅದು ಸುಳ್ಳಾಗಲಿ ಎಂದು ನನಗೆ ಎಷ್ಟು ಆಸೆಯಿತ್ತು ಗೊತ್ತೇ? ಕುಂಡ ನಿಮ್ಮಲ್ಲಿದ್ದರೆ ಮಳೆ ಹಿಡಿಯುವ ತನಕ ನೀರು ಹಾಕಬೇಡಿ, ಗೆಡ್ಡೆ ಕೊಳೆಯುತ್ತದೆ.

ಇಂತಿ,
ನೀವು ‘ಮುಳ್ಳಿ’ ಎಂದು ಕರೆಯುತ್ತಿದ್ದವಳು

ಮರೆತಿದ್ದೆ: ನೀವು ನಮ್ಮನ್ನು ಬಿಟ್ಟುಹೋದ ವಾರವೇ ನಾನು ಆ ತಗಡುಗಳನ್ನು ಅವುಗಳ ಸರಿಯಾದ ಕುಂಡಗಳಿಗೆ ಚುಚ್ಚಿಟ್ಟಿದ್ದೆ, ಕಳ್ಳರಿಗಿಂತ ನಿಮ್ಮ ಭಯವೇ ಹೆಚ್ಚಾಗಿತ್ತು. ಗುಡ್ಡದ ಬಳ್ಳಿ ಇಲ್ಲೇ ಕ್ಷೇಮವಾಗಿದೆ. ನೀವು ಹೊತ್ತೊಯ್ದದ್ದು ಬೇಲಿಯ ಮೇಲೆಲ್ಲ ಹಬ್ಬುವ ಕಾಡುಬಳ್ಳಿ. ಮೇಲ್ವಿಚಾರಕರಿಗೆ ಈಗಷ್ಟೇ ಎಲ್ಲ ಹೇಳಿ ಬಂದೆ. ಮಗಳಿಗೆ ಹೇಳುವುದೊಂದು ಬಾಕಿ.